ಕಲ್ಲುಗಳ್ಳಿ ಗುಡ್ಡ

ನಮ್ಮ ಕೋಡುಹಟ್ಟಿಯ ಮೇಲಿನ ಬೋಳು ಇಳಿಜಾರಿಗೆ ಇವತ್ತಿಗೂ ಕಲ್ಲುಗಳ್ಳಿ ಗುಡ್ಡ ಎಂದೇ ಹೆಸರು. ಪುಷ್ಯಮಾಸದ ಬೆಳಗ್ಗೆ ಬಂದವರಿಗೆ ಅಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಇಬ್ಬನಿ, ಕಾಲಿಟ್ಟರೆ ಕರಕರ ಮುರಿಯುವ ನೆಲ, ನಡುವೆ ವಾಲಿ ನಿಂತ ಒಂದು ಗಡಿಕಲ್ಲು ಕಾಣುತ್ತವೆ. ಫೋಟೋ ತೆಗೆದುಕೊಳ್ಳುವವರು ಯಾರಜ್ಜ ಆ ಕಳ್ಳಿ ಎಂದು ನಗುತ್ತ ಕೇಳುತ್ತಾರೆ. ನಗುವ ಮಾತಲ್ಲ ಅದು. ಅವಳನ್ನು ಕಳ್ಳಿ ಎಂದು ತೀರ್ಪು ಕೊಟ್ಟವನು ನಮ್ಮ ಮನೆತನದ ಹಿರಿಯ. ಹೇಳಲು ನನಗೇ ನಾಚಿಕೆ.

ಹಿಂದೆ ಒಮ್ಮೆ ಇಲ್ಲಿ ಮೇಲಿನ ಹೊಲ ನಂಜಿ ಎಂಬ ವಿಧವೆಯದು, ಕೆಳಗಿನದು ಜೋಗಿಯದು ಆಗಿತ್ತು ಎನ್ನುತ್ತಾರೆ. ಗಡಿಕಲ್ಲು ನೆಡುವಾಗ ಅಡಿಯಲ್ಲಿ ಒಂದು ಕುಡಿಕೆ ಇದ್ದಿಲು ಹೂಳುವುದು ನಮ್ಮವರ ಪದ್ಧತಿ. ಇದ್ದಿಲು ಕೊಳೆಯುವುದಿಲ್ಲ, ಸುಳ್ಳೂ ಹೇಳುವುದಿಲ್ಲ ಎಂಬ ನಂಬಿಕೆ. ಒಂದು ವರ್ಷ ಕಲ್ಲು ತನ್ನ ಹೊಲದೊಳಕ್ಕೆ ಬಂದಿದೆಯೆಂದು ಜೋಗಿ ದೂರಿಟ್ಟ. ಹಟ್ಟಿಯ ಗೌಡ, ನಮ್ಮ ಹಿರಿಯ ಬೆಳ್ಳಿಗೌಡ ಅಗೆಸಿ ನೋಡಿದರೆ ಕಲ್ಲಿನ ಬುಡದಲ್ಲಿ ಏನೂ ಇಲ್ಲ. ಕುಡಿಕೆ ಇಳಿಜಾರಿನಲ್ಲಿ ಒಂದು ಮಾರು ಮೇಲೆ, ನಂಜಿಯ ಹೊಲದ ಕಡೆ ಸಿಕ್ಕಿತು. ಕಲ್ಲು ತಾನಾಗಿ ನಡೆದಿದೆ, ನಾನು ಮುಟ್ಟಿಲ್ಲ ಎಂದು ನಂಜಿ ಎಷ್ಟು ಹೇಳಿದರೂ ಕೂಟ ಹೊಟ್ಟೆ ಹಿಡಿದು ನಕ್ಕಿತು. ಕಲ್ಲು ಸರಿಸಿದ ಕಳ್ಳಿ ಎಂದು ಗೌಡ ತೀರ್ಪು ಕೊಟ್ಟ, ಹೊಲ ಕಿತ್ತುಕೊಂಡರು. ಸಾಲದೆಂದು, ಆ ಕಲ್ಲನ್ನು ಅವಳ ತಲೆಯ ಮೇಲೆಯೇ ಹೊರಿಸಿ ಕುಡಿಕೆಯಿದ್ದಲ್ಲಿ ನೆಡಿಸಿ, ಹಟ್ಟಿಯಿಂದಾಚೆ ಅಟ್ಟಿದರು. ಎಂಥ ಜನವೋ ನಮ್ಮವರು! ಹೋಗುವಾಗ ಅವಳು, "ಹತ್ತು ಚಳಿಗಾಲ ಕಾಯಿರಿ. ಆಮೇಲೆ ಕಲ್ಲನ್ನೇ ಕೇಳಿ" ಎಂದಳಂತೆ.

ಪಾಳುಬಿದ್ದ ಆ ಹೊಲಕ್ಕೆ ಯಾರೂ ಕಾಲಿಡದಂತೆ ಗೌಡ ಮುಳ್ಳುಬೇಲಿ ಹಾಕಿಸಿದ್ದ. ಹನ್ನೊಂದನೆಯ ಚಳಿಗಾಲ ಅಗೆಸಿದಾಗ ಕುಡಿಕೆ ಇದ್ದಲ್ಲೇ ಇತ್ತು, ಕಲ್ಲು ಎರಡು ಮೊಳ ಕೆಳಗಿತ್ತು. ಆಗ ಅವನು ದಿನಾ ಬೆಳಗ್ಗೆ ಹೋಗಿ ಕುಳಿತು ನೋಡಿದ. ರಾತ್ರಿಯ ಚಳಿಗೆ ಮಣ್ಣಿನ ನೀರು ಸೂಜಿ ಸೂಜಿಯಾಗಿ ಹೆಪ್ಪುಗಟ್ಟಿ ನೆಲ ಉಬ್ಬಿ ಕಲ್ಲನ್ನು ಎತ್ತುತ್ತಿತ್ತು. ಬಿಸಿಲೇರಿದರೆ ಕಲ್ಲು ಎದ್ದಲ್ಲಿಗೇ ಕೂರದೆ ಕೂದಲೆಳೆಯಷ್ಟು ತಗ್ಗಿಗೆ ಕೂರುತ್ತಿತ್ತು. ಆಳದ ಇದ್ದಿಲಿಗೆ ಚಳಿ ತಟ್ಟುತ್ತಿರಲಿಲ್ಲ, ಅಷ್ಟೇ. ಗೌಡ ಬರಿಗಾಲಲ್ಲಿ ಬಯಲುಸೀಮೆಗೆ ಇಳಿದು, ಕೂಲಿ ಮಾಡಿಕೊಂಡಿದ್ದ ನಂಜಿಯನ್ನು ಹುಡುಕಿ, ಹೊಲ ಹಿಂದಕ್ಕೆ ಕೊಡುತ್ತೇವೆ ಬಾ ತಾಯಿ ಎಂದು ಕೈಮುಗಿದ. ಅವಳು ಕಳೆ ಕೀಳುತ್ತಲೇ, "ಕಲ್ಲು ನಡೆದದ್ದು ನಿನಗೆ ಈಗ ಕಂಡಿತು. ನಾನು ನಡೆದು ಹೋದದ್ದು ಅವತ್ತೇ ಕಂಡಿತ್ತಲ್ಲ, ಗೌಡ" ಎಂದಳು. ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಊರಿಗೆ ಮರಳಿದ ಗೌಡ ಇನ್ನು ಇದನ್ನು ನಂಜಿಗುಡ್ಡ ಎನ್ನಿ ಎಂದು ಡಂಗುರ ಸಾರಿಸಿದನಂತೆ. ಎಲ್ಲರೂ ತಲೆಯಾಡಿಸಿದರು, ಮಾರನೆಯ ದಿನ ದನ ಹೊಡೆದುಕೊಂಡು ಕಲ್ಲುಗಳ್ಳಿ ಗುಡ್ಡಕ್ಕೇ ಹೋದರು. ಈಗ ದಾರಿಯ ಬದಿಯಲ್ಲಿ ಹಲಗೆಯೂ ಬಂದಿದೆ, ಅದೇ ಹೆಸರು ಬರೆದು. ಬಂದವರನ್ನು ನಾನು ಮೊದಲು ಮೇಲೆ ಕರೆದೊಯ್ದು ಕುಡಿಕೆಯ ಗುಳಿ ತೋರಿಸಿ, ಕಲ್ಲಿನವರೆಗೆ ಹೆಜ್ಜೆ ಹಾಕಿಸುತ್ತೇನೆ. ಹದಿನಾಲ್ಕು ಹೆಜ್ಜೆ ಆಗುತ್ತದೆ. ಕಲ್ಲು ಇಷ್ಟು ದೂರ ಬಂದಿದೆ. ಹೆಸರು ಮಾತ್ರ ನಾವು ನೆಟ್ಟಲ್ಲೇ ಇದೆ.