ಬದುಕಿದ್ದಾಗಲೇ ತೀರಿಕೊಂಡ ದೊರೆ

ತಿರುಗುಣಿಕೋಟೆಯ ಆಸ್ಥಾನದಲ್ಲಿ ಆ ದಿನ ದೊರೆಯ ಪಕ್ಕದಲ್ಲೇ ಕೂತಿದ್ದವನು ನಾನು. ನನ್ನನ್ನು ಕೇಳದೆ ದೊರೆ ಎಲೆಅಡಿಕೆ ಕೂಡ ಹಾಕುತ್ತಿರಲಿಲ್ಲ. ಸರಿ, ಹಾಗೆ ನೋಡಬೇಡಿ, ಸುಳ್ಳು. ಆ ಊರಿಗೆ ಹೋಗುವ ಬಸ್ಸನ್ನೂ ನಾನು ಕಂಡವನಲ್ಲ. ನನಗೆ ಹೇಳಿದ್ದು ಕಡಲೆಕಾಯಿ ಮಾರುವ ಹುಚ್ಚೀರ, ಅವನಿಗೆ ಹೇಳಿದ್ದು ಅವನ ಭಾವಮೈದ, ಭಾವಮೈದನಿಗೆ ಯಾರು ಹೇಳಿದರೋ ಅವನೇ ಮರೆತಿದ್ದಾನೆ. ಕತೆ ಮಾತ್ರ ನಿಜ.

ಡಂಗುರ ಹೀಗಿತ್ತು: "ಕೇಳ್ರಪ್ಪೋ ಕೇಳಿ! ವೀರರಾಯ ದೊರೆಗಳ ವಂಶವೃಕ್ಷ ಕೆಟ್ಟು ಕೂತಿದೆ. ರಾಜಕುಮಾರಿ ಚಂದಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅದನ್ನು ಸರಿಮಾಡುವ ಅಧಿಕಾರ, ಮೇಲೆ ರಾಜಕುಮಾರಿಯನ್ನೇ ಕೊಟ್ಟು ಮದುವೆ. ತಪ್ಪಿದವನ ತಲೆ ಉಳಿಯೋದಿಲ್ಲ!"

ಕೆಟ್ಟದ್ದು ಹೇಗೆ ಅಂತೀರಾ? ದೊರೆ ವಂಶವೃಕ್ಷ ಬರೆಯುವ ಸಾಫ್ಟ್‌ವೇರ್ ತರಿಸಿ, ಸೂರ್ಯದೇವನಿಂದ ತನ್ನವರೆಗೆ ಎಲ್ಲರನ್ನೂ ತುಂಬಿಸಿದ್ದ. ಅದು ಪ್ರತಿ ಹೆಸರಿನ ಪಕ್ಕದಲ್ಲೂ ಕೆಂಪಗೆ "ಆಧಾರ?" ಎಂದು ಕೇಳಿತು.

"ಸೂರ್ಯದೇವನ ಆಧಾರ್ ಕಾರ್ಡು ಎಲ್ಲಿಂದ ತರಲಿ?" ಎಂದು ದೊರೆ ಕೂಗಾಡಿದ.

"ಅಪ್ಪಾಜಿ, ಅದು ಕಾರ್ಡು ಕೇಳ್ತಿಲ್ಲ. ಇದನ್ನೆಲ್ಲ ನಿಮಗೆ ಯಾರು ಹೇಳಿದರು ಅಂತ ಕೇಳ್ತಿದೆ," ಎಂದಳು ಮಗಳು.

ದೊರೆಗೆ ಗೊಂದಲ ಇನ್ನೂ ಹೆಚ್ಚಾಯಿತು. ಸಾಲದ್ದಕ್ಕೆ ಅವನ ಹೆಸರಿನ ಕೆಳಗೇ "ತೀರಿಕೊಂಡರು" ಎಂದು ಮೂಡಿತ್ತು. ಅಳಿಸಿದರೆ ಮತ್ತೆ ಬರುತ್ತಿತ್ತು.

ಒಗಟಿನ ದಿನ ಮೂವರು ನಿಂತಿದ್ದರು. ಒಬ್ಬ ನೆರೆರಾಜ್ಯದ ಯುವರಾಜ, ಒಬ್ಬ ದಳವಾಯಿ. ಮೂರನೆಯವನು ಗಾಣದ ಮುದುಕಪ್ಪ. ಹೆಸರಷ್ಟೇ ಮುದುಕಪ್ಪ, ಮೀಸೆ ಈಗಿನ್ನೂ ಚಿಗುರುತ್ತಿತ್ತು. ಗಾಣದ ಎತ್ತು ತಪ್ಪಿಸಿಕೊಂಡಿದೆ, ಅರಮನೆಯ ದೊಡ್ಡಿಯಲ್ಲಿ ಕಟ್ಟಿದ್ದಾರೆ ಎಂದು ಬೀದಿಯ ಜನ ಹೇಳಿದ್ದಕ್ಕೆ ಬಿಡಿಸಿಕೊಳ್ಳಲು ಬಂದಿದ್ದ. ಇದು ದೊಡ್ಡಿಯ ಸಾಲು ಎಂದೇ ಅವನ ನಂಬಿಕೆ.

ಚಂದಲದೇವಿ ಕೇಳಿದಳು: "ಆ ಹೊತ್ತಿನಲ್ಲಿ ಅವನು ಅಲ್ಲೇ ಇದ್ದ. ಅವನಿಲ್ಲದೆ ಆ ಸಂಗತಿ ನಡೆಯುವಂತೆಯೇ ಇಲ್ಲ. ಆದರೂ ಅವನ ಸಾಕ್ಷಿ ನಡೆಯದು. ಯಾರವನು?"

"ಕಳ್ಳ!" ಎಂದ ಯುವರಾಜ.

"ಕಳ್ಳ ಒಪ್ಪಿಕೊಂಡರೆ ನಡೆಯುತ್ತೆ." ಯುವರಾಜನನ್ನು ಎಳೆದುಕೊಂಡು ಹೋದರು.

ಅಷ್ಟರಲ್ಲಿ ಕರಣಿಕ ಮುದುಕಪ್ಪನ ವಿವರ ಬರೆದುಕೊಳ್ಳುತ್ತಿದ್ದ. "ಹುಟ್ಟಿದ ದಿನ?"

"ಜೂನ್ ಒಂದು ಅಂತ ಮೇಷ್ಟ್ರು ಹಾಕ್ಕೊಂಡವ್ರೆ ಸ್ವಾಮಿ. ಹುಟ್ಟುವಾಗ ನಾನು ಅಲ್ಲೇ ಇದ್ದೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೇಳಿದ್ರೆ ನನಗೇನು ಗೊತ್ತು? ಅವ್ವನ್ನ ಕೇಳಿ."

"ಅದೇ ಉತ್ತರ!" ಎಂದಳು ಚಂದಲದೇವಿ. "ತನ್ನ ಹುಟ್ಟಿಗೆ ಕೂಸೇ ಸಾಕ್ಷಿಯಲ್ಲ."

ಮುದುಕಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳುತ್ತಿದ್ದಾಳೆಂದು.

ಚಂದಲದೇವಿ ಎರಡನೆಯದು ಕೇಳಿದಳು: "ಹತ್ತು ಬಾಯಿ ಮಾತಾಡಿದವು, ನಾಲಿಗೆ ಒಂದೇ. ಏನದು?"

"ರಾವಣ!" ಎಂದು ದಳವಾಯಿ ಗುಡುಗಿದ.

"ಅವನಿಗೆ ನಾಲಿಗೆಯೂ ಹತ್ತು." ದಳವಾಯಿಯೂ ಹೋದ.

"ನಿನಗೆ ಗೊತ್ತೇನಯ್ಯಾ?" ದೊರೆ ಕೇಳಿದ.

"ಗೊತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಬುದ್ಧಿ? ಎತ್ತು ಇಲ್ಲೈತೆ ಅಂತ ಬೀದಿಯಲ್ಲಿ ಹತ್ತು ಮಂದಿ ಅಂದ್ರು. ಒಬ್ಬೊಬ್ಬರನ್ನೇ ವಿಚಾರಿಸಿದ್ರೆ, ಹತ್ತೂ ಮಂದಿಗೆ ಹೇಳಿದ್ದು ಹೂವಿನ ಸಾಕವ್ವ ಒಬ್ಬಳೇ. ಅವಳಿಗೋ ಕಣ್ಣು ಮಂಜು."

ಚಂದಲದೇವಿ ಎದ್ದೇ ನಿಂತಳು. "ಹತ್ತು ಸಾಕ್ಷಿ ಅಲ್ಲ, ಹತ್ತು ಸಲ ಎಣಿಸಿದ ಒಂದೇ ಸಾಕ್ಷಿ! ಎರಡೂ ಸರಿ."

ಕಾವಲಿನವನು ಮುದುಕಪ್ಪನ ಕಿವಿಯಲ್ಲಿ, "ಇನ್ನೊಂದು ಉಳಿದಿದೆ ಕಣೋ. ತಪ್ಪಿದರೆ ತಲೆ," ಎಂದ. ಆಗ ಬೆವರಿದ ನೋಡಿ ನಮ್ಮ ಹುಡುಗ! ಎತ್ತೂ ಬೇಡ ಏನೂ ಬೇಡ ಎಂದು ಬಾಗಿಲ ಕಡೆ ನೋಡಿದ. ಬಾಗಿಲು ಹಾಕಿತ್ತು.

ಚಂದಲದೇವಿ ಮೂರನೆಯದು ಕೇಳಿದಳು: "ಮಾತಿನ ಬಾಲದಲ್ಲಿ ಕೂತಿರುತ್ತೆ. ಅದು ಇರುವವರೆಗೆ ಮಾತು ಸಾಧು. ಬಾಲ ಕತ್ತರಿಸಿದರೆ ಅದೇ ಮಾತು ಕಚ್ಚುತ್ತೆ. ಏನದು?"

ಮುದುಕಪ್ಪ ಸೂರು ನೋಡಿದ, ನೆಲ ನೋಡಿದ, ಕೊನೆಗೆ ಕಂಪ್ಯೂಟರ್ ಪರದೆ ನೋಡಿದ. ಕಂಡದ್ದೇ ಬಾಯಿಗೆ ಬಂತು: "ಅಯ್ಯೋ, ವೀರರಾಯ ದೊರೆಗಳು ತೀರಿಕೊಂಡ್ರಂತೆ!"

"ಏನಂದೆ?" ದೊರೆ ಕತ್ತಿ ಹಿರಿದ.

"ಅಂತೆ ಬುದ್ಧಿ, ಅಂತೆ! ನಾನು ತೀರಿಕೊಂಡ್ರು ಅನ್ನಲಿಲ್ಲ, ತೀರಿಕೊಂಡ್ರಂತೆ ಅಂದೆ. ಆ ಅಂತೆ ಒಂದಿದೆಯಲ್ಲ, ಅದನ್ನ ನೋಡಿ ನನ್ನ ತಲೆ ಬಿಡಿ!"

"ಬಿಡಿಸಿದ!" ಚಂದಲದೇವಿ ಚಪ್ಪಾಳೆ ತಟ್ಟಿದಳು. "ಅಂತೆ! ಅಪ್ಪಾಜಿ, ಯಾರೋ 'ವೀರರಾಯ ತೀರಿಕೊಂಡನಂತೆ' ಅಂದಿದ್ದಾರೆ. ನಾವು ಬರೆಯುವಾಗ ಅಂತೆ ಕತ್ತರಿಸಿದೆವು, ಹೇಳಿದವರ ಹೆಸರನ್ನೂ ಬಿಟ್ಟೆವು."

"ಆದರೆ ನಾನು ಬದುಕಿದ್ದೀನಲ್ಲ!"

"ಬುದ್ಧಿ," ಎಂದ ಮುದುಕಪ್ಪ ಅಂಜುತ್ತ, "ತಮಗೂ ಅಜ್ಜನ ಹೆಸರು ಇಟ್ಟವ್ರಾ? ನನಗೂ ಹಂಗೇ. ಇಲ್ದಿದ್ರೆ ಈ ವಯಸ್ಸಿಗೆ ಯಾರಾದ್ರೂ ಮುದುಕಪ್ಪ ಅಂತಾರಾ?"

ದೊರೆ ಕತ್ತಿಯನ್ನು ಒರೆಗೆ ಸೇರಿಸಿದ. ದೊರೆಯ ಅಜ್ಜನೂ ವೀರರಾಯನೇ. ಅಜ್ಜನ ಸಾವು ಮೊಮ್ಮಗನಿಗೆ ಅಂಟಿಕೊಂಡಿತ್ತು. ಅದನ್ನೇ ಹತ್ತು ಕಡೆ ಬರೆದಿದ್ದರಿಂದ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯಿಂದ ಮತ್ತೆ ಮೂಡುತ್ತಿತ್ತು.

ಆ ಸಂಜೆಯೇ ಕೆಲಸ ಶುರುವಾಯಿತು. ಪ್ರತಿ ಹೆಸರಿನ ಪಕ್ಕ ಯಾರು ಹೇಳಿದರು, ಅವರೇ ಕಂಡದ್ದೋ ಕೇಳಿದ್ದೋ ಎಂದು ಹಾಕಿದರು. ಒಬ್ಬರೇ ಹೇಳಿದ್ದನ್ನು ಹತ್ತು ಕಡೆ ಬರೆದಿದ್ದರೆ ಒಂದಕ್ಕೇ ಕಟ್ಟಿದರು. ಸೂರ್ಯದೇವನ ಪಕ್ಕದಲ್ಲಿ "ಭಟ್ಟಂಗಿಗಳು ಹೇಳಿದ್ದು" ಎಂದು ಬಂತು. ದೊರೆ ಮುಖ ಸಿಂಡರಿಸಿದ, ಆದರೆ ಬದುಕಿ ಬಂದ ಖುಷಿಯಲ್ಲಿ ಸುಮ್ಮನಾದ. ಡಂಗುರದ ದಿನ ಅಪ್ಪಾಜಿ ಕಂಪ್ಯೂಟರಿನಲ್ಲಿ ಸತ್ತಿದ್ದರು, ಸತ್ತವರ ಆಜ್ಞೆಗೆ ತಲೆ ತೆಗೆಯುವ ಹಾಗಿಲ್ಲ ಎಂದು ಚಂದಲದೇವಿ ಯುವರಾಜನನ್ನೂ ದಳವಾಯಿಯನ್ನೂ ಬಿಡಿಸಿದಳು. ಮುದುಕಪ್ಪನನ್ನು ಮದುವೆಯಾಗಲು ಒಪ್ಪಿದಳಂತೆ. ಅವನಿಗೆ ನಂಬಿಕೆಯೇ ಬರದೆ, ಯಾರು ಹೇಳಿದ್ದು ಎಂದು ಕೇಳಿದನಂತೆ. ನಾನೇ ಹೇಳ್ತಿದ್ದೀನಿ ಎಂದಳಂತೆ. ಎತ್ತು ಮಾತ್ರ ಗಾಣದ ಹಿಂದೆಯೇ ಮಲಗಿತ್ತಂತೆ.

ಕತೆ ಕೇಳಿದವರೇ ಹೇಳಿದವನ ಚಹಾದ ದುಡ್ಡು ಕೊಡಬೇಕಂತೆ. ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡಿ, ತೆಗೀರಿ.