ದಾದಿಯ ಖಾಲಿ ಮಂಚಗಳು

"ಬುದ್ಧಿ, ನನ್ನ ಜಗಲಿಗೆ ಮತ್ತೆ ಜನ ಬರುವಂತೆ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದ ಹಿಂದಿನ ಜಗಲಿಯಲ್ಲಿ ಕೂತು, ಕಷ್ಟ ಹೇಳಿಕೊಂಡು ಬಂದವರ ಮಾತು ಕೇಳಿ, ಸಮಾಧಾನ ಹೇಳಿ ಕಳಿಸುವುದು ಅವನ ಕೆಲಸ. ಗುರುಗಳೇ ವಹಿಸಿದ ಕೆಲಸ ಅದು. ಈಚೆಗೆ ಮಠಕ್ಕೆ ಹೊಸ ಶಿಷ್ಯನೊಬ್ಬ ಬಂದಿದ್ದ. ಅವನು ಸೊಗಸಾಗಿ ಪ್ರವಚನ ಮಾಡುತ್ತಿದ್ದ, ನಡುನಡುವೆ ನಗಿಸುತ್ತಿದ್ದ. ಬಂದವರೆಲ್ಲ ಮುಂದಿನ ಅಂಗಳದಲ್ಲಿ ಅವನ ಸುತ್ತ ಕೂರುತ್ತಿದ್ದರು. ಹಿಂದಿನ ಜಗಲಿ ಬಿಕೋ ಎನ್ನುತ್ತಿತ್ತು.

"ಅವನು ನಿನ್ನೆ ಮೊನ್ನೆ ಬಂದವನು. ನಾನು ಎಷ್ಟು ವರ್ಷದಿಂದ ಈ ಜನರ ಕಣ್ಣೀರು ಒರೆಸಿದ್ದೇನೆ! ಅವನ ಸುತ್ತ ಗುಂಪು ಕಂಡರೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗುತ್ತದೆ. ನಿಮ್ಮಿಂದ ಮುಚ್ಚಿಡುವುದೇಕೆ?"

"ನೀನು ಮುಚ್ಚಿಟ್ಟದ್ದಾದರೂ ಯಾವಾಗ? ಮುಖ ನೋಡಿದವರಿಗೆಲ್ಲ ಗೊತ್ತಾಗಿದೆ," ಎಂದು ಗುರುಗಳು ನಕ್ಕರು. ಕೂತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದು ವಸತಿ ಶಾಲೆ. ಅಲ್ಲಿ ಒಬ್ಬಳು ದಾದಿ. ಮಕ್ಕಳು ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು. ಶಾಲೆಯ ಮೂಲೆಯಲ್ಲಿ ಅವಳ ಕೋಣೆ. ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ, ಒಂದು ಔಷಧಿಯ ಬೀರು. ಬಿದ್ದು ಮೊಣಕಾಲು ತರಚಿಕೊಂಡು ಬಂದವರಿಗೆ ಗಾಯ ತೊಳೆದು ಟಿಂಚರ್ ಹಚ್ಚಬೇಕು. ಕಣ್ಣಿಗೆ ಬಿದ್ದ ಕಸ ತೆಗೆಯಬೇಕು. ತಲೆಯಲ್ಲಿ ಹೇನು ನೋಡಬೇಕು. ಮೊದಲ ಸಲ ಮುಟ್ಟಾಗಿ, ತನಗೇನೋ ದೊಡ್ಡ ರೋಗ ಬಂತೆಂದು ಹೆದರಿ ಅಳುವ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಬೇಕು. ಮನೆಯ ನೆನಪಾಗಿ ಜ್ವರ ಬರಿಸಿಕೊಂಡ ಮಗುವಿಗೆ ಗಂಜಿ ಕುಡಿಸಬೇಕು. ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ಕಷ್ಟದ ಕೆಲಸ ಬೇರೆಯೇ ಇತ್ತು. ಲೆಕ್ಕದ ಪರೀಕ್ಷೆ ಬಂತೆಂದರೆ ಅರ್ಧ ಶಾಲೆಗೆ ಹೊಟ್ಟೆನೋವು ಬರುತ್ತದೆ. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡಬೇಕು. ದಾದಿ ಇದರಲ್ಲಿ ಗಟ್ಟಿಗಿತ್ತಿ. ಸುಳ್ಳು ನೋವಿನವರು ನರಳುತ್ತ ನರಳುತ್ತಲೇ ಅವಳ ಮುಖ ನೋಡುತ್ತಾರೆ, ನಿಜವಾದ ನೋವಿನವರು ಯಾರ ಮುಖವನ್ನೂ ನೋಡುವುದಿಲ್ಲ. ಇಷ್ಟು ಅವಳಿಗೆ ಗೊತ್ತಿತ್ತು. ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಬೆಳಿಗ್ಗೆ ಎಷ್ಟು ಇಡ್ಲಿ ಇಳಿಸಿದೆ ಎಂದು ಕೇಳಿ, ಸುಳ್ಳರನ್ನೆಲ್ಲ ನಿಂತ ಕಾಲಲ್ಲೇ ತರಗತಿಗೆ ಅಟ್ಟುತ್ತಿದ್ದಳು. ಅಟ್ಟಿಸಿಕೊಂಡವರು ಅವಳಿಗೆ ಗಂಟುಮುಖದ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ನಿಜವಾಗಿ ಕಾಯಿಲೆಯಾದವರು ಗುಣವಾದ ಕೂಡಲೇ ಮಂಚದಿಂದ ಹಾರಿ ಆಟಕ್ಕೆ ಓಡುತ್ತಿದ್ದರು. ತಿರುಗಿ ಕೂಡ ನೋಡುತ್ತಿರಲಿಲ್ಲ. ಅದು ಅವಳ ಮನಸ್ಸಿಗೆ ತಟ್ಟಿದ್ದೇ ಇಲ್ಲ. ಮಂಚಗಳು ಬಹುತೇಕ ಖಾಲಿಯೇ ಇರುತ್ತಿದ್ದವು.

ಹೀಗಿರುವಾಗ ಶಾಲೆಗೆ ಸಂಗೀತದ ಮೇಷ್ಟರೊಬ್ಬರು ಬಂದರು. ಹಾರ್ಮೋನಿಯಂ ಮುಂದೆ ಕೂತರೆಂದರೆ ಮಕ್ಕಳಿಗೆ ಊಟ ತಿಂಡಿಯ ನೆನಪೂ ಆಗುತ್ತಿರಲಿಲ್ಲ. ಮೇಷ್ಟರು ಎಲ್ಲಿ ಹೋದರೂ ಹಿಂದೊಂದು ದಂಡು. ಅವರ ಚೀಲ ಹಿಡಿಯಲು ಒಬ್ಬ, ಚಪ್ಪಲಿ ಜೋಡಿಸಿಡಲು ಒಬ್ಬ. ದಾದಿ ಮೊದಮೊದಲು ತಾನೂ ನಿಂತು ಹಾಡು ಕೇಳಿದಳು.

ಶಿಕ್ಷಕರ ದಿನ ಬಂತು. ದಾದಿ ಒಳ್ಳೆಯ ಸೀರೆ ಉಟ್ಟು ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು. ಮಕ್ಕಳು ಹೂ ಹಿಡಿದು ಸಾಲಾಗಿ ಬಂದು ಒಬ್ಬೊಬ್ಬರಿಗೇ ಕೊಡುತ್ತಿದ್ದರು. ಸಂಗೀತದ ಮೇಷ್ಟರ ಮಡಿಲು ತುಂಬಿ ಹೂ ನೆಲಕ್ಕೆ ಬೀಳುತ್ತಿತ್ತು. ಒಬ್ಬ ಹುಡುಗಿ ಗುಲಾಬಿ ಹಿಡಿದು ದಾದಿಯ ಮುಂದೆ ಬಂದು ನಿಂತಳು. ಹೋದ ತಿಂಗಳು ಮಂಗನಬಾವು ಆಗಿ ಕೆನ್ನೆ ಊದಿಸಿಕೊಂಡು ಇವಳ ಮಂಚದಲ್ಲಿ ಮಲಗಿದ್ದ ಹುಡುಗಿ ಅವಳು. ದಾದಿ ಕೈ ಮುಂದೆ ಮಾಡಿದಳು. ಹುಡುಗಿ ಹಿಂದೆ ತಿರುಗಿ ಗೆಳತಿಯನ್ನು ಕೇಳಿದಳು: "ಇವ್ರಿಗೂ ಕೊಡ್ಬೇಕೇನೆ?"

"ಇವ್ರು ಟೀಚರಲ್ಲ ಕಣೆ. ಸಿಸ್ಟರ್ ಅಲ್ವಾ?" ಎಂದಳು ಗೆಳತಿ.

ಹುಡುಗಿ ಆ ಗುಲಾಬಿಯನ್ನು ತೆಗೆದುಕೊಂಡು ಹೋಗಿ ಸಂಗೀತದ ಮೇಷ್ಟರ ಮಡಿಲಿಗೇ ಹಾಕಿದಳು. ಚಾಚಿದ ಕೈಯನ್ನು ದಾದಿ ಸೆರಗು ಸರಿಪಡಿಸುವ ನೆಪದಲ್ಲಿ ಹಿಂದಕ್ಕೆ ತೆಗೆದುಕೊಂಡಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಅಂದಿನಿಂದ ಅವಳ ಹೊಟ್ಟೆಯುರಿ ಶುರುವಾಯಿತು. ಹಾರ್ಮೋನಿಯಂ ಸದ್ದು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿದ್ದ ಔಷಧಿಯ ತಟ್ಟೆಯನ್ನು ದಡಾರನೆ ಇಡುತ್ತಿದ್ದಳು. ಈ ಮನುಷ್ಯ ಒಂದು ದಿನ, ಒಂದೇ ಒಂದು ದಿನ, ಯಾವುದಾದರೂ ಮಗುವಿನ ಮೂಗು ಒರೆಸಿದ್ದಾನೆಯೇ? ಅವನ ಪಾಠದಲ್ಲಿ ಮಗು ವಾಂತಿ ಮಾಡಿಕೊಂಡರೆ ನನ್ನ ಕೋಣೆಗೆ ಕಳಿಸುತ್ತಾನೆ. ಹಾಡು ಅವನಿಗೆ, ವಾಂತಿ ನನಗೆ. ಹೂವು ಮಾತ್ರ ಎರಡಕ್ಕೂ ಸೇರಿಸಿ ಅವನಿಗೇ! ಹೀಗೆ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ನೋಡು. ಹೊಟ್ಟೆಕಿಚ್ಚಿನವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವೇ ಇರುತ್ತದೆ.

ಆ ದಿನಗಳಲ್ಲೇ ಓಬಳೇಶನೆಂಬ ಹುಡುಗ ಹೊಟ್ಟೆ ಹಿಡಿದುಕೊಂಡು ಬಂದ. ಲೆಕ್ಕದ ಪಾಠ ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಪೋರ. ದಾದಿ ಅವನ ಹೊಟ್ಟೆ ಒತ್ತುವ ಮೊದಲೇ ಸುಳ್ಳೆಂದು ತಿಳಿದುಕೊಂಡಳು. ಎಂದಿನಂತೆ ಗದರಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು, ನಿಮ್ಮ ಕೈ ಮುಟ್ಟಿದರೆ ಅಮ್ಮ ಮುಟ್ಟಿದ ಹಾಗಾಗುತ್ತದೆ ಎಂದುಬಿಟ್ಟ. ಬೆಣ್ಣೆ ಹಚ್ಚುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಅವಳ ಕಣ್ಣು ಒದ್ದೆಯಾಯಿತು. ಮಂಚದ ಮೇಲೆ ಮಲಗಿಸಿದಳು, ಕಡಲೆಮಿಠಾಯಿ ಕೊಟ್ಟಳು, ತಲೆ ನೇವರಿಸಿದಳು.

ಮಾರನೆಯ ದಿನ ಅವನು ಜೊತೆಗೆ ಇಬ್ಬರನ್ನು ಕರೆತಂದ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಸುಳ್ಳು ತಲೆನೋವು, ಸುಳ್ಳು ಕಾಲುನೋವು, ಸುಳ್ಳು ಕೆಮ್ಮು ಎಲ್ಲಕ್ಕೂ ಅವಳಲ್ಲಿ ಜಾಗ ಸಿಕ್ಕಿತು. ಮಿಠಾಯಿಯ ಜೊತೆಗೆ ಕತೆ, ಒಗಟು. ಗಂಟುಮುಖ ಎನ್ನುತ್ತಿದ್ದವರು ಈಗ ಅಮ್ಮ ಎನ್ನತೊಡಗಿದರು. ಬರಬರುತ್ತ ಸಂಗೀತದ ಪಾಠ ಬಿಟ್ಟು ಕೂಡ ಮಕ್ಕಳು ಬಂದರು. ಒಂದು ದಿನ ಮೇಷ್ಟರೇ ಬಾಗಿಲಿಗೆ ಬಂದು, ನನ್ನ ಪಾಠಕ್ಕೆ ಅರ್ಧ ಮಕ್ಕಳೇ ಇಲ್ಲ, ಏನಾದರೂ ಜ್ವರ ಹರಡಿದೆಯೇ ಎಂದು ಗಾಬರಿಯಿಂದ ಕೇಳಿದರು. ಹವಾ ಸರಿಯಿಲ್ಲ ಎಂದಳು ದಾದಿ. ಅವರ ಸಪ್ಪೆ ಮುಖ ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೊಂದು ದಿನ ಬೆಳಿಗ್ಗೆ. ನಾಲ್ಕೂ ಮಂಚ ಭರ್ತಿ, ಒಂದೊಂದರ ಮೇಲೆ ಇಬ್ಬರು ಮೂವರು. ದಾದಿ ನಡುವೆ ನಿಂತು ಕತೆ ಹೇಳುತ್ತಿದ್ದಳು. ಕತೆಯೊಳಗಿನ ಕೋತಿಯಂತೆ ಮುಖ ಮಾಡಿ ತೋರಿಸುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಆಮೇಲೇನಾಯಿತು ಅಮ್ಮಾ, ಆಮೇಲೆ ಎಂದು ಮಕ್ಕಳು ಪೀಡಿಸುತ್ತಿದ್ದರು. ಕತೆ ಮುಗಿಸಿ ತಿರುಗಿ ನೋಡುವಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಬೇಕಾದವರು ಮತ್ತೆ ಬರುತ್ತಾರೆ ಎಂದುಕೊಂಡು ಇನ್ನೊಂದು ಕತೆಗೆ ತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಸಂಗೀತದ ಮೇಷ್ಟರು ಒಂದು ಹುಡುಗಿಯನ್ನು ಎತ್ತಿಕೊಂಡು ಓಡಿ ಬಂದರು. ಹುಡುಗಿಯ ಹೆಸರು ಚಿಕ್ಕತಾಯಿ. ತರಗತಿಯಲ್ಲಿ ಇದ್ದಾಳೋ ಇಲ್ಲವೋ ತಿಳಿಯದಷ್ಟು ಮೌನಿ. ಹಾಡುವಾಗ ಇವಳೊಬ್ಬಳು ಬಾಯಿ ಬಿಡದೆ ಬಗ್ಗಿ ಕೂತಿದ್ದಳಂತೆ. ಎದ್ದು ನಿಲ್ಲು ಎಂದರೆ ಸೊಂಟ ನೆಟ್ಟಗಾಗಲಿಲ್ಲವಂತೆ. ಮೇಷ್ಟರು ಹೇಳುತ್ತಲೇ ಇದ್ದರು, ದಾದಿ ಹುಡುಗಿಯ ಹೊಟ್ಟೆ ಮುಟ್ಟಿದಳು. ಹಲಗೆಯಂತೆ ಗಟ್ಟಿಯಾಗಿತ್ತು. ಬಲಗಡೆ ಬೆರಳು ತಾಗುತ್ತಲೇ ಹುಡುಗಿ ಚೀರಿದಳು. ಚೀರುವಾಗಲೂ ಯಾರ ಮುಖವನ್ನೂ ನೋಡಲಿಲ್ಲ. ಮಂಚದ ಮೇಲಿದ್ದ ಮಕ್ಕಳು ಒಬ್ಬೊಬ್ಬರಾಗಿ ಇಳಿದು ಗೋಡೆಗೆ ಒರಗಿ ನಿಂತರು.

"ಯಾವಾಗ್ಲಿಂದ ನೋವು ಕಂದಾ? ನನ್ನ ಹತ್ರ ಯಾಕೆ ಬರ್ಲಿಲ್ಲ?" ಎಂದು ದಾದಿ ಕೇಳಿದಳು.

"ಬೆಳಿಗ್ಗೆನೇ ಬಂದಿದ್ದೆ ಸಿಸ್ಟರ್. ಜಾಗ ಇರ್ಲಿಲ್ಲ. ಎಲ್ರೂ ನಗ್ತಿದ್ರು. ನಂಗೆ ನಗಕ್ಕೆ ಆಗ್ತಿರ್ಲಿಲ್ಲ," ಎಂದಳು ಚಿಕ್ಕತಾಯಿ.

ದಾದಿಯ ಎದೆ ಒಡೆದು ಹೋಯಿತು. ಆದರೆ ಅಳುತ್ತ ನಿಲ್ಲುವ ಹೊತ್ತಲ್ಲ. ಶಾಲೆಯ ಜೀಪು ತರಿಸಿ, ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆಗೆ ಹೊರಟಳು. ಮೇಷ್ಟರೂ ಹತ್ತಿಕೊಂಡರು. ದಾರಿಯಲ್ಲಿ ನೋವು ತಡೆಯಲಾರದೆ ಹುಡುಗಿ ಕೈ ಚಾಚಿದಳು. ದಾದಿ ತನ್ನ ಕೈ ಕೊಡಲು ಹೋದಳು. ಹುಡುಗಿ ಮೇಷ್ಟರ ಅಂಗಿಯ ತುದಿಯನ್ನು ಹಿಡಿದುಕೊಂಡಳು. ಮಗು ಉಳಿಯುತ್ತದೋ ಇಲ್ಲವೋ ಎಂಬ ಆ ಹೊತ್ತಿನಲ್ಲೂ ದಾದಿಗೆ ಕಿಚ್ಚೆದ್ದಿತು. ನನ್ನ ಕೈ ಯಾಕೆ ಬೇಡವಾಯಿತು ಎಂದು ಅನ್ನಿಸಿತು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಪೆಂಡಿಕ್ಸ್ ಒಡೆದಿತ್ತು. ಬೆಳಿಗ್ಗೆಯೇ ತಂದಿದ್ದರೆ ಸುಲಭವಿತ್ತು ಎಂದು ಹೇಳಿ ಡಾಕ್ಟರು ಒಳಗೆ ಹೋದರು. ಕೆಲವು ದಿನ ಆ ಮಗು ಸಾವಿನ ಬಾಯಲ್ಲೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ದಾದಿ ಏನೇನು ಬೇಡಿಕೊಂಡಳೋ ಅವಳಿಗೇ ಗೊತ್ತು. ಕೊನೆಗೆ ಮಗು ಕಣ್ಣು ಬಿಟ್ಟು ಗಂಜಿ ಕೇಳಿತು.

ದಾದಿ ಶಾಲೆಗೆ ಮರಳಿದ ದಿನವೇ ಓಬಳೇಶ ಹೊಟ್ಟೆ ಹಿಡಿದುಕೊಂಡು ಬಂದ. ಅವಳು ಹೊಟ್ಟೆ ಒತ್ತಿದಳು, ನಾಲಿಗೆ ನೋಡಿದಳು, ಎಷ್ಟು ಇಡ್ಲಿ ಎಂದು ಕೇಳಿ ತರಗತಿಗೆ ಅಟ್ಟಿದಳು. ಅವನ ಹಿಂದೆ ಬಂದವರನ್ನೂ ಅಟ್ಟಿದಳು. ಅಮ್ಮ ಎಂದು ಕರೆಯುವುದನ್ನು ಮಕ್ಕಳು ಬಿಟ್ಟರು. ಹಳೆಯ ಹೆಸರು ಮತ್ತೆ ಬಂತು. ಮಂಚಗಳು ಖಾಲಿಯಾದವು, ಸಂಗೀತದ ಪಾಠ ತುಂಬಿತು. ಚಿಕ್ಕತಾಯಿ ಗುಣವಾಗಿ ಬಂದಮೇಲೆ ಅವಳ ಸಣ್ಣ ದನಿಯೂ ಆ ಹಾಡಿನಲ್ಲಿ ಸೇರಿಕೊಂಡಿತು. ದಾದಿ ತನ್ನ ಕೋಣೆಯಲ್ಲಿ ಒಬ್ಬಳೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

"ಅವಳ ಹೊಟ್ಟೆಕಿಚ್ಚು ಹೋಯಿತೇ ಬುದ್ಧಿ?" ಎಂದು ಶಿಷ್ಯ ಕೇಳಿದ.

"ಅದು ಅಷ್ಟು ಸುಲಭಕ್ಕೆ ಎಲ್ಲಿ ಹೋಗುತ್ತದೆ? ಹಾರ್ಮೋನಿಯಂ ಸದ್ದಾದಾಗಲೆಲ್ಲ ಎದ್ದು ಕೂರುತ್ತಿತ್ತು. ಆಗ ಎದ್ದು ಮಂಚಗಳ ಹೊದಿಕೆ ಕೊಡವಿ ಹಾಸುತ್ತಿದ್ದಳು. ಇವತ್ತು ಕಾಯಿಲೆ ಬಿದ್ದು ಇದರ ಮೇಲೆ ಮಲಗುವವರು ಯಾರೂ ಇಲ್ಲ ಎಂದುಕೊಳ್ಳುತ್ತಿದ್ದಳು. ಕೆಲವು ದಿನ ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ಕೆಲವು ದಿನ ಆಗುತ್ತಿರಲಿಲ್ಲ."

ಶಿಷ್ಯನಿಗೆ ಇದು ರುಚಿಸಲಿಲ್ಲ. "ಆ ದಾದಿ ತಪ್ಪು ಮಾಡಿದಳು. ನಾನು ಯಾರಿಗೂ ಮಿಠಾಯಿ ಕೊಟ್ಟು ಕರೆದಿಲ್ಲ. ನನ್ನ ಜಗಲಿ ಮೊದಲಿನ ಹಾಗೆ ತುಂಬಲಿ ಎಂದು ಬೇಡುತ್ತಿದ್ದೇನೆ, ಅಷ್ಟೇ. ಅದರಲ್ಲಿ ತಪ್ಪೇನಿದೆ?" ಎಂದ.

"ಆಗಲಿ, ತುಂಬಲಿ," ಎಂದರು ಗುರುಗಳು. "ಅದು ತುಂಬಬೇಕಾದರೆ ಯಾರ ಮನೆಯಲ್ಲಿ ಸಾವಾಗಲಿ, ನೀನೇ ಹೇಳು."

ಶಿಷ್ಯ ಎದ್ದು ಹಿಂದಿನ ಜಗಲಿಗೆ ಹೋಗಿ ಚಾಪೆ ಕೊಡವಿ ಹಾಸಿದ.