ಕಿವಿ ಮುಟ್ಟಿದ ಮೀಸೆ

ನಾಟಕ ಕಂಪನಿಯ ಮ್ಯಾನೇಜರ್ ಬಸಲಿಂಗವ್ವ ಹೊಸ ನಾಟಕವನ್ನು ದೃಶ್ಯಗಳಾಗಿ, ದೃಶ್ಯಗಳನ್ನು ದಿನದ ಕೆಲಸಗಳಾಗಿ ಒಡೆದು, ಚೀಟಿ ಬರೆದು ಹಗ್ಗಕ್ಕೆ ಸಿಕ್ಕಿಸಿದ್ದಳು. ರಾಜನ ಪಾತ್ರ ಮಾಡುವ ಧಣಿ ಚನ್ನವೀರಪ್ಪ ಅವನ್ನೆಲ್ಲ ಕಿತ್ತರು.

"ಹಿಂದೂ ಇಲ್ಲ, ಮುಂದೂ ಇಲ್ಲ. ಎಲ್ಲಾ ಈಗ, ಒಮ್ಮೆಗೇ ಆಗಬೇಕು. ಇಲ್ಲಾಂದ್ರ ನೀ ಗಂಟುಮೂಟೆ ಕಟ್ಟು!"

"ಆಗಲಿ ಧಣಿ," ಎಂದವಳು ಎಲ್ಲರನ್ನೂ ಒಮ್ಮೆಗೇ ಅವರ ಮೇಲೆ ಬಿಟ್ಟಳು. ದರ್ಜಿ ಅಂಗಿಯ ತೋಳಿಗೆ ಸೂಜಿ ಹಾಕಿದ. ಹಾರ್ಮೋನಿಯಂ ಮಾಸ್ತರು ಹಾಡಿಸಿದರು. ಕತ್ತಿವರಸೆಯವನು ಬೆನ್ನಟ್ಟಿದ. ಬಣ್ಣದವನು ಜೊತೆಗೇ ಓಡುತ್ತ ಮೀಸೆ ಬರೆದ. ಅದು ಕಿವಿಯವರೆಗೂ ಹೋಯಿತು.

"ಅಯ್ಯೋ, ಒಬ್ಬೊಬ್ಬರಾಗಿ ಬರ್ರೋ!"

"ಯಾವುದು ಮೊದಲು, ಧಣಿ?" ಬಸಲಿಂಗವ್ವ ಚೀಟಿಗಳನ್ನು ಚಾಚಿದಳು.

"ಮೊದಲು ಈ ಮೀಸೆ ಒರೆಸ್ರಿ!"

"ಅದು ಇದರಾಗ ಇಲ್ಲ. ಹೊಸ ಚೀಟಿ ಬರೀರಿ."

ಧಣಿ ಬರೆದರು. ಬರೆದು, ತಾವೇ ಹೋಗಿ ಹಗ್ಗಕ್ಕೆ ಸಿಕ್ಕಿಸಿದರು.